ಕಾಲಂಗೆ ಹೆಸರಿಟ್ಟವರು ಯಾರು? ಮಾಡೆಲ್‌ನಿಂದ ಟೇಬಲ್‌ಗೆ ಹೋಗುವ ದಾರಿಯಲ್ಲಿ ಹೆಸರಿಗೆ ಏನೇನಾಗುತ್ತೆ

ಲೋಕಲ್‌ನಲ್ಲಿ ನಿಂತುಕೊಂಡು ವಿಡಿಯೊ ನೋಡೋದು ಕಷ್ಟ, ಬರೆದು ಹಾಕಿ, ಓದ್ಕೊಳ್ತೀವಿ ಅಂತ ಥಾಣೆ, ಡೊಂಬಿವಲಿ ಕಡೆಯಿಂದ ಬರುವ ಗೆಳೆಯರು ಹೇಳ್ತಾನೇ ಇರ್ತಾರೆ. ಅದಕ್ಕೇ ಈ ಸಲದ ಮಾತನ್ನೂ ಸ್ವಲ್ಪ ತಿದ್ದಿ ಇಲ್ಲಿ ಕೊಟ್ಟಿದ್ದೇನೆ. ವಿಡಿಯೊದಲ್ಲಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಕಾಲಂ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಬಾಯಲ್ಲಿ ಓದಿಕೊಂಡರೆ ಸಾಕು, ಗೊತ್ತಾಗುತ್ತೆ.

ವಿಷಯ ಮೇಲ್ನೋಟಕ್ಕೆ ಸಪ್ಪೆ. ಡೇಟಾಬೇಸ್ ಕಾಲಂಗಳ ಹೆಸರು. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಮಾಡೆಲ್ ಬರೆದವರು ನಾವು, ಟೇಬಲ್ ಮಾಡಿದ್ದು ಫ್ರೇಮ್‌ವರ್ಕ್. ಹಾಗಾದರೆ ಕಾಲಂಗೆ ಹೆಸರಿಟ್ಟವರು ಯಾರು? ತುಂಬಾ ಟೀಮ್‌ಗಳಲ್ಲಿ ಈ ಪ್ರಶ್ನೆಗೆ ಉತ್ತರ ಇಲ್ಲ. ಉತ್ತರ ಬೇಕಾಗೋದು ಯಾವಾಗ ಅಂದ್ರೆ, ರಿಲೀಸ್ ಆದ ರಾತ್ರಿ ಎರಡು ಗಂಟೆಗೆ, ಗ್ರಾಹಕರ ಹೆಸರಿನ ಜಾಗ ಖಾಲಿ ಕಾಣಿಸಿದಾಗ.

ಹೆಸರು ಹತ್ತುವ ಎರಡು ಮೆಟ್ಟಿಲು

ಮೊದಲು ಯಂತ್ರ ಹೇಗೆ ಕೆಲಸ ಮಾಡ್ತದೆ ನೋಡೋಣ. ಜಾವಾದವರಿಗೆ ಪರಿಚಯ ಇರುವ ಹೈಬರ್ನೇಟನ್ನೇ ತಗೊಳ್ಳಿ. ಐದನೇ ಆವೃತ್ತಿಯಿಂದ ಅದು ಹೆಸರನ್ನು ಎರಡು ಹಂತದಲ್ಲಿ ತೀರ್ಮಾನ ಮಾಡುತ್ತದೆ. ಮೊದಲನೆಯದು ಇಂಪ್ಲಿಸಿಟ್ ನೇಮಿಂಗ್. ನೀವು ಹೆಸರು ಹೇಳದೇ ಹೋದರೆ ಪ್ರಾಪರ್ಟಿಯ ಹೆಸರಿನಿಂದ ತಾನೇ ಒಂದು ಹೆಸರು ಕಟ್ಟಿಕೊಳ್ಳುತ್ತದೆ. ಎರಡನೆಯದು ಫಿಸಿಕಲ್ ನೇಮಿಂಗ್. ಕಟ್ಟಿದ ಹೆಸರನ್ನು ಡೇಟಾಬೇಸಿಗೆ ಕಳಿಸುವ ಮುಂಚೆ ಇನ್ನೊಮ್ಮೆ ತಿದ್ದುತ್ತದೆ.

ಬರೀ ಹೈಬರ್ನೇಟ್ ಬಳಸಿದರೆ ಎರಡನೇ ಮೆಟ್ಟಿಲು ಏನೂ ಮಾಡಲ್ಲ. ಕಸ್ಟಮರ್‌ನೇಮ್ ಅಂತ ನಡುವಿನ ಎನ್ ಅಕ್ಷರ ಕ್ಯಾಪಿಟಲ್ ಇಟ್ಟು ಬರೆದ ಪ್ರಾಪರ್ಟಿ ಹಾಗೇ ಕಾಲಂ ಆಗುತ್ತದೆ. ಸ್ಪ್ರಿಂಗ್ ಬೂಟ್ ಬಂತು ಅಂದ್ರೆ ಕಥೆ ಬೇರೆ. ಅದು ಕ್ಯಾಮೆಲ್ ಕೇಸನ್ನು ಸ್ನೇಕ್ ಕೇಸ್ ಮಾಡ್ತದೆ, ಚುಕ್ಕಿ ಇದ್ದರೆ ಅಂಡರ್‌ಸ್ಕೋರ್ ಹಾಕ್ತದೆ, ಎಲ್ಲವನ್ನೂ ಸಣ್ಣಕ್ಷರಕ್ಕೆ ಇಳಿಸ್ತದೆ. ಅದೇ ಪ್ರಾಪರ್ಟಿ ಈಗ ಕಸ್ಟಮರ್_ನೇಮ್.

ಇಲ್ಲೇ ತುಂಬಾ ಜನ ಎಡವುವ ಜಾಗ ಇದೆ. "ನಾನು ಕಾಲಂ ಆನೋಟೇಷನ್‌ನಲ್ಲಿ ಹೆಸರು ಸ್ಪಷ್ಟವಾಗಿ ಕೊಟ್ಟಿದ್ದೇನಲ್ಲ, ಹಾಗೇ ಇರುತ್ತೆ" ಅಂದುಕೊಳ್ತಾರೆ. ಇರಲ್ಲ. ನೀವು ಕೈಯಾರೆ ಬರೆದ ಹೆಸರೂ ಎರಡನೇ ಮೆಟ್ಟಿಲನ್ನು ಹತ್ತಲೇಬೇಕು. ಆನೋಟೇಷನ್‌ನಲ್ಲಿ ಕ್ಯಾಮೆಲ್ ಕೇಸ್‌ನಲ್ಲಿ ಬರೆದರೂ ಡೇಟಾಬೇಸಿಗೆ ಹೋಗೋದು ಅಂಡರ್‌ಸ್ಕೋರ್ ಇರುವ ಹೆಸರೇ.

ಈಗ ಒಂದು ಹಳೆಯ ಮಾಡ್ಯೂಲನ್ನು ಸ್ಪ್ರಿಂಗ್ ಬೂಟ್‌ಗೆ ಸಾಗಿಸಿದಿರಿ ಅಂತಿಟ್ಟುಕೊಳ್ಳಿ. ಟೇಬಲ್‌ನಲ್ಲಿ ಇರೋದು ಅಂಡರ್‌ಸ್ಕೋರ್ ಇಲ್ಲದ ಹೆಸರು, ಕೋಡ್ ಕೇಳೋದು ಇರುವ ಹೆಸರು. ಕಾಲಂ ಇಲ್ಲ ಅಂತ ಎರರ್ ಬಂದರೆ ನಿಮ್ಮ ಪುಣ್ಯ. ಯಾರೋ ಸ್ಕೀಮಾ ಸೆಟ್ಟಿಂಗನ್ನು "ಅಪ್‌ಡೇಟ್" ಅಂತ ಬಿಟ್ಟಿದ್ದರೆ ಎರರ್ ಕೂಡ ಬರಲ್ಲ. ಹೈಬರ್ನೇಟ್ ಹೊಸ ಕಾಲಂ ಸೇರಿಸ್ತದೆ, ಹಳೆಯದನ್ನು ಅಳಿಸೋದಿಲ್ಲ. ಹಾಗಾಗಿ ಒಂದೇ ಟೇಬಲ್‌ನಲ್ಲಿ ಎರಡು ಕಾಲಂ. ವರ್ಷಗಳ ಡೇಟಾ ಹಳೆಯದರಲ್ಲಿ, ಆಪ್ ಓದೋದು ಖಾಲಿ ಇರುವ ಹೊಸದನ್ನು. ಡೇಟಾ ಎಲ್ಲೂ ಹೋಗಿಲ್ಲ, ಆದರೆ ಗ್ರಾಹಕನ ಕಣ್ಣಿಗೆ ಮಾಯ. ಬೆಳಗ್ಗೆ ಜನ ಹೊಸದಾಗಿ ತುಂಬೋಕೆ ಶುರು ಮಾಡಿದರೆ, ಅರ್ಧ ಇಲ್ಲಿ, ಅರ್ಧ ಅಲ್ಲಿ. ಅದನ್ನು ಮತ್ತೆ ಒಟ್ಟು ಸೇರಿಸೋದು ವಾರದ ಕೆಲಸ.

ಜಾಂಗೋದಲ್ಲಿ ಅಪಾಯ ಇನ್ನೊಂದು ರೂಪದಲ್ಲಿ ಬರ್ತದೆ. ಮಾಡೆಲ್‌ನಲ್ಲಿ ಫೀಲ್ಡ್ ಹೆಸರು ಬದಲಾಯಿಸಿ ಮೈಗ್ರೇಷನ್ ಮಾಡಿದರೆ ಅದು ಕೇಳ್ತದೆ, ಹೆಸರು ಬದಲಾಯಿಸಿದ್ದಾ ಅಂತ. ಅವಸರದಲ್ಲಿ ಇಲ್ಲ ಅಂದುಬಿಟ್ಟರೆ ಹಳೆ ಕಾಲಂ ತೆಗೆದು ಹೊಸದು ಸೇರಿಸುವ ಮೈಗ್ರೇಷನ್ ತಯಾರಾಗ್ತದೆ. ಅದನ್ನು ಓದದೇ ಓಡಿಸಿದರೆ ಡೇಟಾ ನಿಜವಾಗಿಯೂ ಹೋಯಿತು.

ಎರಡಕ್ಕೂ ಮದ್ದು ಒಂದೇ. ಕಾಲಂ ಹೆಸರನ್ನು ಕೋಡ್‌ನ ಹೆಸರಿನಿಂದ ಬಿಡಿಸಿ, ಗಟ್ಟಿಯಾಗಿ ಕಟ್ಟಿಹಾಕಿ. ಜಾಂಗೋದಲ್ಲಿ ಡಿಬಿ_ಕಾಲಂ ಇದೆ. ಹೈಬರ್ನೇಟ್‌ನಲ್ಲಿ ಆನೋಟೇಷನ್ ಇದೆ, ಆದರೆ ಅದರಲ್ಲಿ ಮೊದಲೇ ಸಣ್ಣಕ್ಷರ ಮತ್ತು ಅಂಡರ್‌ಸ್ಕೋರ್ ಬಳಸಿ, ಆಗ ಎರಡನೇ ಮೆಟ್ಟಿಲಿಗೆ ತಿದ್ದೋಕೆ ಏನೂ ಉಳಿಯಲ್ಲ. ಹಳೆಯ ಟೇಬಲ್‌ಗಳ ಹೆಸರನ್ನು ಹಾಗೇ ಉಳಿಸಬೇಕಾದರೆ ಫಿಸಿಕಲ್ ಸ್ಟ್ರಾಟಜಿಯನ್ನೇ ಹೈಬರ್ನೇಟ್‌ನ ಸ್ಟ್ಯಾಂಡರ್ಡ್ ಒಂದಕ್ಕೆ ಬದಲಾಯಿಸಿ. ಪ್ರೊಡಕ್ಷನ್‌ನಲ್ಲಿ ಸ್ಕೀಮಾ ಸೆಟ್ಟಿಂಗ್ ಯಾವತ್ತೂ "ವ್ಯಾಲಿಡೇಟ್", ಅಪ್‌ಡೇಟ್ ಅಲ್ಲ.

ದಾದರ್‌ನ ಎರಡು ಒಂದನೇ ಪ್ಲಾಟ್‌ಫಾರ್ಮ್

ಪ್ರೈಮರಿ ಕೀಗೆ ಬರೀ ಐಡಿ ಅಂತ ಹೆಸರಿಡಬೇಕೋ, ಕಸ್ಟಮರ್_ಐಡಿ ಅಂತ ಇಡಬೇಕೋ? ಈ ಜಗಳ ನಮ್ಮ ವೃತ್ತಿಯಷ್ಟೇ ಹಳೆಯದು. ನನಗೆ ಇದನ್ನು ವಿವರಿಸೋಕೆ ದಾದರ್ ಸ್ಟೇಷನ್‌ಗಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ದಾದರ್‌ನಲ್ಲಿ ಪಶ್ಚಿಮ ರೈಲ್ವೆ, ಮಧ್ಯ ರೈಲ್ವೆ ಎರಡೂ ಇವೆ. ಎರಡೂ ತಮ್ಮ ಪ್ಲಾಟ್‌ಫಾರ್ಮ್‌ಗಳನ್ನು ಒಂದರಿಂದ ಎಣಿಸ್ತಿದ್ದವು. ಪಶ್ಚಿಮದವರಿಗೆ ತಮ್ಮ ಒಂದು ಸರಿ, ಮಧ್ಯದವರಿಗೆ ತಮ್ಮ ಒಂದು ಸರಿ. ತೊಂದರೆ ಆಗ್ತಿದ್ದದ್ದು ಸೇತುವೆ ಮೇಲೆ ನಿಂತವನಿಗೆ. "ಒಂದನೇ ಪ್ಲಾಟ್‌ಫಾರ್ಮ್‌ಗೆ ಬಾ" ಅಂದರೆ ಯಾವ ಒಂದು? 2023ರ ಡಿಸೆಂಬರ್ 9ರಿಂದ ಇದನ್ನು ಸರಿಮಾಡಿದರು. ಪಶ್ಚಿಮದವು 1ರಿಂದ 7 ಹಾಗೇ ಉಳಿದವು, ಮಧ್ಯದವು 8ರಿಂದ 14 ಆದವು.

ಬರೀ ಐಡಿ ಅನ್ನೋ ಕಾಲಂ ಕೂಡ ಹೀಗೇ. ತನ್ನ ಟೇಬಲ್ ಒಳಗೆ ಪೂರ್ತಿ ಸರಿ. ಜಾಯಿನ್ ಅಂದರೆ ಆ ಸೇತುವೆ. ಐದು ಟೇಬಲ್ ಜೋಡಿಸಿದ ರಿಪೋರ್ಟಿನಲ್ಲಿ ಐದು ಐಡಿ ಬರ್ತವೆ, ಎಕ್ಸೆಲ್‌ಗೆ ಇಳಿಸಿದ ಮೇಲೆ ಯಾವುದು ಯಾರದು ಅಂತ ಹೇಳೋರಿಲ್ಲ. ಆಪ್ ಕೋಡ್ ಬರೆಯುವವರು ಈ ಸೇತುವೆ ಹತ್ತೋದೇ ಕಡಿಮೆ, ಅವರಿಗೆ ಐಡಿ ಸಾಕು. ರಿಪೋರ್ಟ್ ಬರೆಯುವವರು, ಆಡಿಟ್‌ನವರು ಇಡೀ ದಿನ ಸೇತುವೆ ಮೇಲೇ. ನಿಮ್ಮ ಡೇಟಾಬೇಸನ್ನು ಯಾರು ಹೆಚ್ಚು ಓದ್ತಾರೆ ಅಂತ ನೋಡಿ ತೀರ್ಮಾನ ಮಾಡಿ. ಬ್ಯಾಂಕ್, ವಿಮೆಯ ಕೆಲಸದಲ್ಲಿ ನಾನು ಟೇಬಲ್ ಹೆಸರು ಸೇರಿದ ಕೀಯನ್ನೇ ಆರಿಸ್ತೇನೆ. ಯಾವುದನ್ನೇ ಆರಿಸಿ, ಅರ್ಧ ಟೇಬಲ್‌ಗೆ ಒಂದು, ಇನ್ನರ್ಧಕ್ಕೆ ಇನ್ನೊಂದು ಮಾಡಬೇಡಿ.

ಎಸ್ ಅಂದರೆ ಕರ್ಜತ್

ಮಧ್ಯ ರೈಲ್ವೆಯ ಇಂಡಿಕೇಟರ್‌ನಲ್ಲಿ ಟಿ ಅಂದರೆ ಥಾಣೆ, ಕೆ ಅಂದರೆ ಕಲ್ಯಾಣ್. ಊಹಿಸಬಹುದು. ಎಸ್ ಅಂದರೆ ಕರ್ಜತ್, ಎನ್ ಅಂದರೆ ಕಸಾರಾ. ಇದನ್ನು ಹೊಸಬರು ಊಹಿಸೋಕೆ ಸಾಧ್ಯವೇ ಇಲ್ಲ, ಹಳಬರಿಗೆ ಪ್ರಶ್ನೆಯೇ ಏಳಲ್ಲ. ಸಂಕ್ಷೇಪದ ಸ್ವಭಾವವೇ ಇದು. ಗೊತ್ತಿದ್ದವರಿಗೆ ವೇಗ, ಗೊತ್ತಿಲ್ಲದವರಿಗೆ ಗೋಡೆ.

ನಮ್ಮಲ್ಲಿ ಎಷ್ಟೋ ಜನ ಅನ್ನ ತಿಂದಿರೋ ಬ್ಯಾಂಕಿಂಗ್ ಸಾಫ್ಟ್‌ವೇರ್‌ಗಳನ್ನೇ ನೋಡಿ. ಅಂಧೇರಿಯ ಸೀಪ್ಝ್‌ನಲ್ಲಿ ಬೇರುಬಿಟ್ಟು ಬೆಳೆದ ಫ್ಲೆಕ್ಸ್‌ಕ್ಯೂಬ್‌ನಲ್ಲಿ ಖಾತೆಯ ಟೇಬಲ್ ಹೆಸರು ಎಸ್‌ಟಿಟಿಎಂ_ಕಸ್ಟ್_ಅಕೌಂಟ್. ಕಾಲಂಗಳು ಕಸ್ಟ್_ಎಸಿ_ನೋ, ಸಿಸಿವೈ, ಆತ್_ಸ್ಟ್ಯಾಟ್. ಮೊದಲ ಎರಡಕ್ಷರ ಮಾಡ್ಯೂಲ್, ಮುಂದಿನದು ಟೇಬಲ್‌ನ ಜಾತಿ. ನೋಡೋಕೆ ಒರಟು, ಆದರೆ ಶಿಸ್ತು ಇದೆ. ಮೇಂಟೆನೆನ್ಸ್ ಟೇಬಲ್ ಯಾವುದೇ ಇರಲಿ, ಮಾಡಿದವರು ಮೇಕರ್_ಐಡಿ, ಒಪ್ಪಿದವರು ಚೆಕರ್_ಐಡಿ. ಒಂದು ಟೇಬಲ್ ಕಲಿತವನಿಗೆ ಉಳಿದವು ಅರ್ಧ ಬಂದ ಹಾಗೆ.

ಬೆಂಗಳೂರಿನ ಇನ್ಫೋಸಿಸ್ ಕಟ್ಟಿದ ಫಿನಾಕಲ್‌ನಲ್ಲಿ ಖಾತೆಗಳ ಟೇಬಲ್ ಹೆಸರು ಬರೀ ಮೂರಕ್ಷರ, ಜಿಎಎಂ. ಅದರಲ್ಲಿ ಎಸಿಐಡಿ ಅನ್ನೋದು ಸಿಸ್ಟಮ್ ಒಳಗಿನ ಕೀ, ಫೋರ್‌ಎಸಿಐಡಿ ಅನ್ನೋದು ಪಾಸ್‌ಬುಕ್‌ನಲ್ಲಿ ಕಾಣುವ ಖಾತೆ ಸಂಖ್ಯೆ. ಹೆಸರುಗಳು ಅವಳಿಗಳ ಹಾಗಿವೆ, ಕೆಲಸ ಬೇರೆ ಬೇರೆ. ಹೊಸಬರು ಒಂದರ ಬದಲು ಇನ್ನೊಂದನ್ನು ಜಾಯಿನ್ ಮಾಡಿ ಗಂಟೆಗಟ್ಟಲೆ ತಲೆ ಕೆರೆದುಕೊಳ್ಳೋದು ಮಾಮೂಲು. ಆದರೆ ಒಳಗಿನ ಕೀ, ಹೊರಗಿನ ಸಂಖ್ಯೆ ಎರಡನ್ನೂ ಬೇರೆ ಇಟ್ಟ ಆಲೋಚನೆ ಮಾತ್ರ ಬಂಗಾರ. ಯಾಕೆ ಅಂತ ಮುಂದೆ ಹೇಳ್ತೇನೆ.

ಇಷ್ಟು ಚಿಕ್ಕದಾಗಿ ಬರೆಯೋಕೆ ಕಾರಣ ಇತ್ತು. ಒರಾಕಲ್‌ನಲ್ಲಿ 12.1ರ ತನಕ ಹೆಸರಿಗೆ 30 ಬೈಟ್‌ಗಳ ಮಿತಿ. 12.2ರಿಂದ ಅದು 128 ಆಯಿತು. ಪೋಸ್ಟ್‌ಗ್ರೆಸ್‌ನಲ್ಲಿ 63 ಬೈಟ್, ಮೈಎಸ್‌ಕ್ಯುಎಲ್‌ನಲ್ಲಿ 64 ಅಕ್ಷರ. ಅಂದರೆ ಇವತ್ತು ಕಸ್ಟಮರ್ ಅನ್ನೋದನ್ನು ಕಸ್ಟ್, ಸಿಎಸ್‌ಟಿಎಂಆರ್, ಸಿಯುಎಸ್ ಅಂತ ಮೂರು ಥರ ಕತ್ತರಿಸುವ ಅಗತ್ಯ ಇಲ್ಲ. ಕತ್ತರಿಸಲೇಬೇಕಾದರೆ ಒಂದು ಪಟ್ಟಿ ಇರಲಿ. ಇರ್ವಿನ್‌ನಂಥ ಮಾಡೆಲಿಂಗ್ ಟೂಲ್‌ಗಳಲ್ಲಿ ಈ ಪಟ್ಟಿಯನ್ನು ಕೊಟ್ಟರೆ, "ಕಸ್ಟಮರ್ ಅಕೌಂಟ್ ನಂಬರ್" ಅನ್ನೋ ಲಾಜಿಕಲ್ ಹೆಸರಿನಿಂದ ಫಿಸಿಕಲ್ ಹೆಸರನ್ನು ಅದೇ ನಿಯಮದಿಂದ ಪ್ರತಿ ಸಲ ತಯಾರಿಸ್ತದೆ.

ಉದ್ದದಲ್ಲೂ ಒಂದು ಬಲೆ ಇದೆ. ಫಾರಿನ್ ಕೀ ಹೆಸರನ್ನು ಯಂತ್ರ ಪ್ರಾಪರ್ಟಿ ಹೆಸರು, ಆಚೆ ಟೇಬಲ್‌ನ ಕೀ ಹೆಸರು ಎರಡನ್ನೂ ಅಂಟಿಸಿ ಮಾಡ್ತದೆ. ಮಾಡೆಲ್ ಆಳ ಆದಷ್ಟೂ ಹೆಸರು ರೈಲಿನ ಹಾಗೆ ಬೆಳೀತದೆ. ಮಿತಿ ದಾಟಿದರೆ ಪೋಸ್ಟ್‌ಗ್ರೆಸ್ ಒಂದು ಸೂಚನೆ ಕೊಟ್ಟು ಬಾಲ ಕತ್ತರಿಸ್ತದೆ. ಬಾಲದಲ್ಲಿ ಮಾತ್ರ ವ್ಯತ್ಯಾಸ ಇದ್ದ ಎರಡು ಹೆಸರು ಆಗ ಒಂದೇ ಆಗಿಬಿಡ್ತವೆ.

ದೊಡ್ಡಕ್ಷರ, ಸಣ್ಣಕ್ಷರ ಮತ್ತು ಕನ್ನಡ

ಡಬಲ್ ಕೋಟ್ ಇಲ್ಲದೆ ಬರೆದ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣಕ್ಷರ ಮಾಡಿಕೊಳ್ಳುತ್ತದೆ, ಒರಾಕಲ್ ದೊಡ್ಡಕ್ಷರ ಮಾಡಿಕೊಳ್ಳುತ್ತದೆ. ಕೋಟ್ ಇದ್ದರೆ ಎರಡೂ ಹಾಗೇ ಇಟ್ಟುಕೊಳ್ಳುತ್ತವೆ. ಕೆಲವು ಟೂಲ್‌ಗಳು ಟೇಬಲ್ ಮಾಡುವಾಗ ಕೋಟ್ ಹಾಕಿಯೇ ಮಾಡ್ತವೆ. ಕ್ಯಾಪಿಟಲ್ ಸೇರಿದ ಹೆಸರು ಒಳಗೆ ಹೋಯಿತೋ, ಮುಂದೆ ಕ್ವೆರಿ ಬರೆಯುವ ಪ್ರತಿಯೊಬ್ಬನೂ ಜೀವನಪೂರ್ತಿ ಕೋಟ್ ಹಾಕಬೇಕು. ಎಲ್ಲ ಸಣ್ಣಕ್ಷರ, ನಡುವೆ ಅಂಡರ್‌ಸ್ಕೋರ್ ಅನ್ನೋ ಪದ್ಧತಿ ಗೆದ್ದದ್ದು ಇದೇ ಕಾರಣಕ್ಕೆ.

"ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲವಲ್ಲ, ಕಾಲಂ ಹೆಸರನ್ನೇ ಕನ್ನಡದಲ್ಲಿ ಇಡಬಹುದಾ?" ಅಂತ ಕೇಳಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಖಂಡಿತ ಇಡಬಹುದು. ಆದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. 63 ಬೈಟ್ ಅಂದರೆ 21 ಸಂಕೇತ ಅಷ್ಟೇ, ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. ಇನ್ನೂ ದೊಡ್ಡ ತೊಡಕು, "ಮೊತ್ತ" ಅನ್ನೋ ಪದವನ್ನೇ ನೋಡಿ. ಅದರ ಒ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ ಮೊತ್ತ, ಡೇಟಾಬೇಸಿಗೆ ಎರಡು ಬೇರೆ ಕಾಲಂ. ಹಾಗಾಗಿ ನನ್ನ ಸಲಹೆ, ಕಾಲಂ ಹೆಸರು ಸರಳ ಇಂಗ್ಲಿಷ್, ಪರದೆಯ ಮೇಲಿನ ಲೇಬಲ್ ಚೆನ್ನಾದ ಕನ್ನಡ.

ಬದಲಾಗುವುದನ್ನು ಹೆಸರಿಗೆ ಕಟ್ಟಬೇಡಿ

ವಿಟಿ 1996ರಲ್ಲಿ ಸಿಎಸ್‌ಟಿ ಆಯಿತು, 2017ರಲ್ಲಿ ಸಿಎಸ್‌ಎಂಟಿ. ಎಲ್ಫಿನ್‌ಸ್ಟನ್ ರೋಡ್ 2018ರಲ್ಲಿ ಪ್ರಭಾದೇವಿ. ಅದೇ ವರ್ಷ ಮುಂಬಯಿ ಸೆಂಟ್ರಲ್‌ನ ಕೋಡ್ ಬಿಸಿಟಿ ಹೋಗಿ ಎಂಎಂಸಿಟಿ. ಹಳಿ ಅಲ್ಲೇ ಇದೆ, ಹೆಸರು ಮಾತ್ರ ಬೇರೆ.

ಕರಾವಳಿಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬ್ಯಾಂಕ್‌ಗಳು. ನಮ್ಮ ಮನೆಮಾತಿನ ಹಾಗಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮರುವರ್ಷ ಅದೇ ದಿನ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ ಸೇರಿದವು. ಐಎಫ್‌ಎಸ್‌ಸಿ ಅನ್ನೋದು 11 ಅಕ್ಷರ: ಮೊದಲ ನಾಲ್ಕು ಬ್ಯಾಂಕ್, ಐದನೆಯದು ಸೊನ್ನೆ, ಉಳಿದ ಆರು ಶಾಖೆ. ಬ್ಯಾಂಕಿನ ಹೆಸರೇ ಕೋಡ್‌ನ ಒಳಗಿದೆ. ಬ್ಯಾಂಕ್ ಬದಲಾದಾಗ ಕೋಡ್ ಬದಲಾಗಲೇಬೇಕಾಯಿತು.

ಐಎಫ್‌ಎಸ್‌ಸಿಯನ್ನೇ ಶಾಖೆಯ ಪ್ರೈಮರಿ ಕೀ ಮಾಡಿಕೊಂಡ ಸಿಸ್ಟಮ್‌ಗಳಲ್ಲಿ ಆಗ ಪ್ರತಿ ಟೇಬಲ್ ಮುಟ್ಟಬೇಕು. ಒಳಗಿನ ಕೀ ಬೇರೆ ಇಟ್ಟವರು ಒಂದು ಕಾಲಂನ ಬೆಲೆ ಬದಲಾಯಿಸಿದರೆ ಸಾಕು. ಫಿನಾಕಲ್‌ನ ಎರಡು ಸಂಖ್ಯೆಯ ಆಲೋಚನೆ ಬಂಗಾರ ಅಂದದ್ದು ಇದಕ್ಕೇ. ಕ್ಲಾಸಿಗೆ ಬ್ಯಾಂಕಿನ ಹೆಸರು ಇಟ್ಟು, ಅದರಿಂದ ಟೇಬಲ್, ಫಾರಿನ್ ಕೀ ಎಲ್ಲ ಹುಟ್ಟಿಸಿದ್ದರೆ ಇನ್ನೂ ಕಷ್ಟ. ಇಲ್ಲದ ಬ್ಯಾಂಕಿನ ಹೆಸರು ನಿಮ್ಮ ಸ್ಕೀಮಾದಲ್ಲಿ ದೆವ್ವದ ಹಾಗೆ ಉಳೀತದೆ.

ಸಮಯದ ಕಾಲಂ ಬಗ್ಗೆ ಒಂದೇ ಮಾತು. ಈ ಊರಿನಲ್ಲಿ 1955ರ ತನಕ ಬಾಂಬೆ ಟೈಮ್ ಅಂತ ಬೇರೆಯೇ ಇತ್ತು, ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದೆ. "ಅರೈವಲ್_ಟೈಮ್" ಅಂತ ಬರೆದರೆ ಯಾರ ಗಡಿಯಾರ? ಯುಟಿಸಿ ಆದರೆ ಹೆಸರಿನಲ್ಲೇ ಯುಟಿಸಿ ಅನ್ನಿ. ಹಣ ಪೈಸೆಯಲ್ಲಿದ್ದರೆ ಅಮೌಂಟ್_ಪೈಸಾ ಅನ್ನಿ. ಬದಲಾಗದ ಅರ್ಥ ಹೆಸರಿನಲ್ಲಿ ಇರಲಿ, ಬದಲಾಗುವ ಗುರುತು ಬೇಡ.

ಮಿಡಲ್ ನೇಮ್ ಅಂದರೆ ಯಾರ ಹೆಸರು?

ಇನ್ನು ನಮ್ಮೆಲ್ಲರ ಮೈಗೇ ತಾಗುವ ಕಾಲಂಗಳು: ಫಸ್ಟ್_ನೇಮ್, ಮಿಡಲ್_ನೇಮ್, ಲಾಸ್ಟ್_ನೇಮ್. ಮಾಡೆಲ್‌ನಲ್ಲಿ ಮೂರು ಫೀಲ್ಡ್ ಬರೀತೇವೆ, ಯಂತ್ರ ಮೂರು ಕಾಲಂ ಮಾಡ್ತದೆ, ಕೊನೆಯದಕ್ಕೆ ನಾಟ್ ನಲ್ ಹಾಕ್ತೇವೆ. ಮುಗೀತು.

ಮಹಾರಾಷ್ಟ್ರದ ರೂಢಿಯಲ್ಲಿ ನಡುವಿನ ಹೆಸರು ತಂದೆಯದು, ಮದುವೆಯಾದ ಹೆಣ್ಣುಮಕ್ಕಳಿಗೆ ಬಹಳ ಸಲ ಗಂಡನದು. ಧಾರವಾಡ, ಬೆಳಗಾವಿ ಕಡೆಯವರಿಗೆ ಇದು ಸರಿಹೊಂದ್ತದೆ, ಅಲ್ಲೂ ಹೆಸರು, ತಂದೆ, ಮನೆತನ ಅನ್ನೋ ಕ್ರಮ ಇದೆ. ಹಳೇ ಮೈಸೂರು ಕಡೆಯವರ ಗತಿ? ಎಚ್. ಎಸ್. ಮಂಜುನಾಥ ಅಂತ ಒಬ್ಬರು ಇದ್ದಾರೆ ಅಂದುಕೊಳ್ಳಿ. ಎಚ್ ಅಂದರೆ ಹೊಸೂರು, ಊರು. ಎಸ್ ಅಂದರೆ ಶಿವಪ್ಪ, ತಂದೆ. ಅವರಿಗೆ ಮನೆತನದ ಹೆಸರೇ ಇಲ್ಲ. ಕಾಲಂ ಕೇಳೋದು "ಕೊನೆಯ ಹೆಸರು". ಸ್ಥಾನದ ಪ್ರಕಾರ ಕೊನೆಗಿರೋದು ಮಂಜುನಾಥ. ಒಂದು ಎಚ್‌ಆರ್ ಸಿಸ್ಟಮ್‌ನಲ್ಲಿ ಲಾಸ್ಟ್_ನೇಮ್ ಮಂಜುನಾಥ ಆಗ್ತದೆ, ಇನ್ನೊಂದರಲ್ಲಿ ಹೊಸೂರು, ಮತ್ತೊಂದರಲ್ಲಿ ಬರೀ ಒಂದು ಚುಕ್ಕಿ.

ಆಮೇಲೆ ರಿಪೋರ್ಟು ಮೂರನ್ನೂ ಅಂಟಿಸಿ ಹೊರಗೆ ಕಳಿಸ್ತದೆ. ಆಧಾರ್‌ನಲ್ಲಿ ಹೆಸರು ಒಂದೇ ಫೀಲ್ಡ್, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಮತ್ತು ಗಿವನ್ ನೇಮ್ ಎರಡು, ಪ್ಯಾನ್ ಅರ್ಜಿಯಲ್ಲಿ ಮೂರು. ಒಬ್ಬನೇ ಮನುಷ್ಯ, ನಾಲ್ಕು ಹೆಸರು. ಕಂಪನಿ ಬದಲಾಯಿಸಿ ಪಿಎಫ್ ವರ್ಗಾಯಿಸುವಾಗ, ಪ್ಯಾನ್ ಆಧಾರ್ ಜೋಡಿಸುವಾಗ ಹೆಸರು ತಾಳೆಯಾಗದೆ ಅಲೆದಾಡಿದ ಅನುಭವ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ ಹೇಳಿ. ಕೌಂಟರ್‌ನಲ್ಲಿ ಕೂತವರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ಅರ್ಥ ಕೇಳಬೇಕಾದ ಜಾಗದಲ್ಲಿ ಸ್ಥಾನ ಕೇಳಿದ ಕಾಲಂ ಹೆಸರೇ ಇಲ್ಲಿ ಮೂಲ.

ಈಗ ಇನ್ನೊಂದು ಸೇರಿದೆ. 2024ರ ಮೇ 1 ಮತ್ತು ಆಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಮಹಾರಾಷ್ಟ್ರದ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಮನೆತನ ಅನ್ನೋ ಕ್ರಮದಲ್ಲಿ ಬರೆಯಬೇಕು. ಒಳ್ಳೆಯ ತೀರ್ಮಾನ. ಆದರೆ ನಿಮ್ಮ ಟೇಬಲ್‌ನಲ್ಲಿ ನಡುವೆ ಇರೋದು ಒಂದೇ ಕಾಲಂ. ಅವಸರದಲ್ಲಿ ಇಬ್ಬರ ಹೆಸರನ್ನೂ ಮಿಡಲ್_ನೇಮ್‌ಗೆ ತುರುಕಿದರೆ, ಅದನ್ನು ತಂದೆಯ ಹೆಸರು ಅಂತ ನಂಬಿರುವ ಹಳೆಯ ರಿಪೋರ್ಟು ಎರಡನ್ನೂ ಸೇರಿಸಿ ತಂದೆಯ ಕಾಲಂಗೆ ಹಾಕ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ದಾಖಲೆ ಹೀಗೆ ಶುರುವಾಗಬಾರದು.

ಹಾಗಾಗಿ ಹೆಸರಿನ ಕಾಲಂಗಳಿಗೆ ನಾನು ಹೇಳೋದು ಇಷ್ಟು. ಫುಲ್_ನೇಮ್ ಒಂದು ಕಡ್ಡಾಯ, ಮನುಷ್ಯ ಹೇಗೆ ಬರೀತಾನೋ ಹಾಗೆ. ಗಿವನ್_ನೇಮ್, ಫ್ಯಾಮಿಲಿ_ನೇಮ್ ಬೇಕಿದ್ದರೆ ಇರಲಿ, ಖಾಲಿ ಬಿಡೋಕೆ ಅವಕಾಶ ಇರಲಿ. ಫಾದರ್_ನೇಮ್, ಮದರ್_ನೇಮ್, ಸ್ಪೌಸ್_ನೇಮ್ ಬೇರೆ ಬೇರೆ. ದಾಖಲೆಯಲ್ಲಿ ಇರುವ ಹೆಸರು ಬೇಕಾದರೆ ಆಧಾರ್_ನೇಮ್, ಪ್ಯಾನ್_ನೇಮ್ ಅಂತಲೇ ಇಡಿ. ಸಂಸ್ಥೆಯ ಹೆಸರು ಬೇಡ ಅಂತ ಆಗಲೇ ಹೇಳಿದೆನಲ್ಲ ಅಂತೀರಾ? ಇಲ್ಲಿ ಆಧಾರ್ ಅನ್ನೋದೇ ಆ ಡೇಟಾದ ಅರ್ಥ, ಅದನ್ನು ತೆಗೆದರೆ ಏನೂ ಉಳಿಯಲ್ಲ. ವ್ಯತ್ಯಾಸ ಅಷ್ಟೇ.

ನಾಳೆ ಆಫೀಸಿನಲ್ಲಿ ಮಾಡಬಹುದಾದದ್ದು

1. ಮಾಡೆಲ್‌ನಿಂದ ಯಂತ್ರ ತಯಾರಿಸುವ ಡಿಡಿಎಲ್ ಅನ್ನು ಒಂದು ಫೈಲಿಗೆ ತೆಗೆದು ಕಣ್ಣಾರೆ ಓದಿ. ಕೋಡ್ ರಿವ್ಯೂನಲ್ಲಿ ಅದೂ ಬರಲಿ.

2. ಒಂದು ಪುಟದ ನಿಯಮ ಬರೆಯಿರಿ: ಕೇಸ್, ಕೀ ಹೆಸರು, ದಿನಾಂಕ ಮತ್ತು ಹಣದ ಬಾಲ, ಸಂಕ್ಷೇಪಗಳ ಪಟ್ಟಿ. ಎರಡನೇ ಪುಟಕ್ಕೆ ಹೋದರೆ ಯಾರೂ ಓದಲ್ಲ.

3. ಪ್ರೊಡಕ್ಷನ್‌ನಲ್ಲಿ ಇರುವ ಕಾಲಂಗಳ ಹೆಸರನ್ನು ಕೋಡ್‌ನಲ್ಲಿ ಗಟ್ಟಿ ಮಾಡಿ. ಆಮೇಲೆ ಪ್ರಾಪರ್ಟಿ ಹೆಸರನ್ನು ಎಷ್ಟು ಬೇಕಾದರೂ ಚೆಂದ ಮಾಡಿಕೊಳ್ಳಿ.

4. ಆರ್ಡರ್, ಯೂಸರ್, ಗ್ರೂಪ್ ಥರದ ಎಸ್‌ಕ್ಯುಎಲ್‌ನ ಮೀಸಲು ಪದಗಳನ್ನು ಟೇಬಲ್‌ಗಾಗಲಿ ಕಾಲಂಗಾಗಲಿ ಇಡಬೇಡಿ.

5. ಹಳೆಯ ಹೆಸರು ಕೆಟ್ಟದ್ದಿದ್ದರೆ ರಾತ್ರೋರಾತ್ರಿ ಬದಲಾಯಿಸಬೇಡಿ. ಒಳ್ಳೆಯ ಹೆಸರಿನ ಒಂದು ವ್ಯೂ ಮಾಡಿ ಕೊಡಿ, ಓದುವವರು ನಿಧಾನವಾಗಿ ಆ ಕಡೆ ಬರಲಿ.

ನಿಮ್ಮ ಪ್ರಾಜೆಕ್ಟ್‌ನಲ್ಲಿ ಅರ್ಥವೇ ಆಗದ ಕಾಲಂ ಹೆಸರು ಇದ್ದರೆ, ಕಂಪನಿಯ ಹೆಸರು ಬಿಟ್ಟು, ಕಾಲಂ ಹೆಸರು ಮಾತ್ರ ಬರೆದು ಕಳಿಸಿ. ಮುಂದಿನ ಮಾತಿನಲ್ಲಿ ಹಳೆಯ ಟೇಬಲ್‌ಗಳನ್ನು ನಿಲ್ಲಿಸದೆ ಮೈಗ್ರೇಷನ್ ಮಾಡೋದು ಹೇಗೆ ಅಂತ ನೋಡೋಣ.